ಹುಟ್ಟಿಗೂ ಹಾಯಿಗೂ ಒಂದೇ ದೋಣಿ: ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಪ್ರಶ್ನೆ: ಪಂಚಗಂಗಾವಳಿ ಹೊಳೆಯಲ್ಲಿ ಇಬ್ಬರು ಸುತ್ತಾಡಿ ಬರಲು ಪುಟ್ಟ ದೋಣಿ ಬೇಕು. ಗಾಳಿ ಇದ್ದರೆ ಹಾಯಿ, ಇಲ್ಲದಿದ್ದರೆ ಹುಟ್ಟು. ಎರಡಕ್ಕೂ ಒಗ್ಗುವ ಅಳತೆ ಯಾವುದು? (ಕುಂದಾಪುರದಿಂದ)

ಉತ್ತರ: ಮೊದಲು ಹುಟ್ಟಿಗೆ ಒಗ್ಗುವ ದೋಣಿ ಆರಿಸಿ, ಅದು ತಾಳುವಷ್ಟು ಹಾಯಿ ಕಟ್ಟಿ. ಹಾಯಿಗೆಂದು ಕೊಂಡು ಆಮೇಲೆ ಹುಟ್ಟು ಸೇರಿಸಿದವರು ಕೊನೆಗೆ ಎಂಜಿನ್ ಹುಡುಕುತ್ತಾರೆ. ನಿಮ್ಮ ಹೊಳೆಯಲ್ಲಂತೂ ಇದು ಇನ್ನೂ ಮುಖ್ಯ. ಮಧ್ಯಾಹ್ನದ ಕಡಲಗಾಳಿ ಬೀಸುವುದು ಪಡುವಣದಿಂದ. ಹಾಯಿ ಬಿಚ್ಚಿ ಮೂಡಣಕ್ಕೆ ಹೋಗುವುದು ಸುಲಭ. ಮರಳುವಾಗ ಅದೇ ಗಾಳಿ ಎದುರು. ಕುದ್ರುಗಳ (ಹೊಳೆ ನಡುವಿನ ದ್ವೀಪಗಳ) ನಡುವಿನ ಸಪೂರ ದಾರಿಯಲ್ಲಿ ಅಡ್ಡಡ್ಡ ಓಡಿಸಿ ಗಾಳಿಗೆ ಏರಲು ಜಾಗ ಸಾಲದು. ಅಲ್ಲಿ ಮನೆ ಮುಟ್ಟಿಸುವುದು ಹುಟ್ಟೇ.

ಉದ್ದ 4.2ರಿಂದ 4.8 ಮೀಟರ್ ಇರಲಿ. ಅದಕ್ಕಿಂತ ಗಿಡ್ಡವಾದರೆ ಇಬ್ಬರು ಕೂತಾಗ ಒಂದು ತುದಿ ಮುಳುಗುತ್ತದೆ. ಅಗಲವನ್ನು ಎರಡು ಕಡೆ ಅಳೆಯಿರಿ: ಮೇಲಂಚಿನಲ್ಲಿ 1.4ರಿಂದ 1.5 ಮೀಟರ್, ನೀರು ತಾಗುವಲ್ಲಿ 1ರಿಂದ 1.1 ಮೀಟರ್. ಹೀಗೆ ಅಡಿ ಕಿರಿದಾಗಿ ಮೇಲೆ ಹೊರಕ್ಕೆ ತೆರೆದುಕೊಂಡ ಮೈ ನೆಟ್ಟಗಿದ್ದಾಗ ನೀರನ್ನು ಕಡಿಮೆ ಸವರುತ್ತದೆ, ಗಾಳಿಗೆ ವಾಲಿದಾಗ ಪಕ್ಕೆ ಆನಿಸಿಕೊಂಡು ನಿಲ್ಲುತ್ತದೆ. ಮೇಲಂಚು ದೂರವಿದ್ದರೆ ಹುಟ್ಟಿನ ಸನ್ನೆಬಲವೂ ಚೆನ್ನ. ಬರಿ ದೋಣಿ 75 ಕೆ.ಜಿ. ದಾಟದಿರಲಿ, ದಾಟಿದರೆ ಇಬ್ಬರಿಂದ ದಡಕ್ಕೆ ಎಳೆಯಲಾಗದು.

ಎಲ್ಲಕ್ಕಿಂತ ಹೆಚ್ಚಾಗಿ ಹಿಂಬದಿ ನೋಡಿ. ಇಬ್ಬರನ್ನೂ ಕೂರಿಸಿದ ಮೇಲೆ ಹಿಂದಿನ ಹಲಗೆಯ ಕೆಳಅಂಚು ನೀರಿನ ಮಟ್ಟಕ್ಕಿಂತ ಒಂದೆರಡು ಬೆರಳು ಮೇಲಿರಬೇಕು. ಅದು ಮುಳುಗಿದರೆ ಹಿಂದೆ ಸುಳಿ ಏಳುತ್ತದೆ; ಹುಟ್ಟು ಹಾಕುವವರು ಆ ಸುಳಿಯನ್ನೂ ಎಳೆಯುತ್ತಿರಬೇಕು. ಇದನ್ನು ತಪ್ಪಿಸಲು ಹುಟ್ಟಿಗೆ ಎರಡು ಜಾಗ ಮಾಡಿಸಿ: ಒಬ್ಬರೇ ಇದ್ದಾಗ ನಡುವಿನ ಅಡ್ಡಹಲಗೆ, ಹಿಂದೆ ಇನ್ನೊಬ್ಬರು ಕೂತಾಗ ಮುಂದಿನದು. ಪ್ರತಿಯೊಂದಕ್ಕೂ ಬೇರೆ ರೋಲಾಕ್ (ಮೇಲಂಚಿನಲ್ಲಿ ಹುಟ್ಟನ್ನು ಹಿಡಿದಿಡುವ ಕವಲು) ಜೋಡಿ.

ನಿರೀಕ್ಷೆ ಮಿತವಾಗಿರಲಿ. ನೀರಿಗೆ ತಾಗುವ ಉದ್ದ 4.2 ಮೀಟರ್ ಇದ್ದರೆ ಇಂಥ ದೋಣಿಯ ಸಹಜ ಗರಿಷ್ಠ ವೇಗ ಸುಮಾರು 5 ನಾಟ್ (ಗಂಟೆಗೆ ಸುಮಾರು 9 ಕಿ.ಮೀ.). ಒಬ್ಬರು ದಣಿಯದೆ ಹುಟ್ಟು ಹಾಕಿದರೆ ಸಿಗುವುದು ಎರಡೂವರೆ, ಹೆಚ್ಚೆಂದರೆ ಮೂರು. ಗಂಗೊಳ್ಳಿ ಅಳಿವೆ ದಾಟುವ ಯೋಚನೆ ಬಿಡಿ. ಇಳಿತದ ನೀರು ಪಡುವಣ ಗಾಳಿಗೆ ಎದುರಾದಾಗ ಅಲ್ಲಿ ಏಳುವ ಕಡಿದಾದ ಅಲೆ ಇಷ್ಟು ತಗ್ಗಿನ ದೋಣಿಗೆ ಆಗಿಬರುವುದಿಲ್ಲ.

ಪ್ರಶ್ನೆ: ಅದಕ್ಕೆ ಯಾವ ಬಗೆಯ ಹಾಯಿ? (ಅವರದೇ)

ಉತ್ತರ: ಲಗ್ ಹಾಯಿ. ಗಿಡ್ಡ ಕಂಬ, ಅದಕ್ಕೆ ಓರೆಯಾಗಿ ಮೇಲೇರುವ ಒಂದು ಗಳ, ನಾಲ್ಕು ಮೂಲೆಯ ಬಟ್ಟೆ. ಕಂಬವನ್ನು ಹಿಡಿದಿಡಲು ಉಕ್ಕಿನ ತಂತಿಗಳು ಬೇಡ. ಕಿತ್ತರೆ ಎಲ್ಲವೂ ದೋಣಿಯೊಳಗೇ ಮಲಗುತ್ತದೆ. ಎದುರುಗಾಳಿಗೆ ಹುಟ್ಟು ಹಾಕುವಾಗ ಕಂಬ ನಿಂತೇ ಇದ್ದರೆ ಅದೂ ಗಾಳಿ ಹಿಡಿಯುತ್ತದೆ. ಹಾಗಾಗಿ ನಿಮಿಷದಲ್ಲಿ ಬಿಚ್ಚಲಾಗದ ಹಾಯಿ ಇಂಥ ದೋಣಿಗೆ ಭಾರವೇ. 4.5 ಮೀಟರ್ ದೋಣಿಗೆ 7 ಚದರ ಮೀಟರ್ ಸಾಕು. ಕುಗ್ಗಿಸಿ ಕಟ್ಟಲು ಎರಡು ಸಾಲು ಕಟ್ಟುದಾರ ಹೊಲಿಸಿ. ನೀರ ಮೇಲೆ ಅಲ್ಲಲ್ಲಿ ಬಿಳಿ ನೊರೆ ಕಂಡೊಡನೆ ಮೊದಲ ಸಾಲು ಕಟ್ಟಿ.

ಲಗ್ ಹಾಯಿ ಗಾಳಿಗೆ ಏರುವುದಿಲ್ಲ ಎಂದು ದೂರುವವರು ಬಹಳ. ಹೆಚ್ಚಿನ ಸಲ ತಪ್ಪು ಹಾಯಿಯದಲ್ಲ, ಹಾಯಿಯನ್ನು ಕೆಳಕ್ಕೆ ಬಿಗಿಯುವ ಹಗ್ಗ ಸಡಿಲವಿರುತ್ತದೆ. ಮುಂದಿನ ಮೇಲ್ಮೂಲೆಯಿಂದ ಹಿಂದಿನ ಕೆಳಮೂಲೆಗೆ ಸುಕ್ಕು ಬಿದ್ದಿದ್ದರೆ ಗಳದ ತುದಿ ಜೋತಿದೆ ಎಂದರ್ಥ. ಆ ಹಗ್ಗವನ್ನು ಮೂರು ಸುತ್ತಿನ ರಾಟೆ ಹಾಕಿ ಬಿಗಿಯಿರಿ. ಹಾಯಿ ಏರಿಸುವ ಹಗ್ಗಕ್ಕೆ ನೈಲಾನ್ ಬೇಡ, ಹಿಗ್ಗುತ್ತದೆ, ಪಾಲಿಯೆಸ್ಟರ್ ತನ್ನಿ. ಅದನ್ನು ಗಳಕ್ಕೆ ಕಟ್ಟುವುದು ಮುಂತುದಿಯಿಂದ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹಿಂದೆ.

ಪ್ರಶ್ನೆ: ಹುಟ್ಟಿನ ಉದ್ದ ಲೆಕ್ಕ ಹಾಕುವುದು ಹೇಗೆ? (ಕಾರವಾರದಿಂದ)

ಉತ್ತರ: ಎರಡು ಪಕ್ಕದ ರೋಲಾಕ್‌ಗಳ ನಡುವಿನ ಅಂತರ ಅಳೆಯಿರಿ. ಅದರ ಅರ್ಧಕ್ಕೆ 5 ಸೆಂ.ಮೀ. ಸೇರಿಸಿ, 25ರಿಂದ ಗುಣಿಸಿ, 7ರಿಂದ ಭಾಗಿಸಿ. ಅಂತರ 120 ಸೆಂ.ಮೀ. ಇದ್ದರೆ 65 ಗುಣಿಸು 25, ಭಾಗಿಸು 7: ಸುಮಾರು 232 ಸೆಂ.ಮೀ. ಹುಟ್ಟು ಗಿಡ್ಡವಾದರೆ ಕೈ ಬೇಗ ಬೇಗ ಆಡಿಸಬೇಕು. ತೀರಾ ಉದ್ದವಾದರೆ ಪ್ರತಿ ಎಳೆತವೂ ಭಾರ. ತೇಗ ಬಾಳಿಕೆ ಬಂದರೂ ಹುಟ್ಟಿಗೆ ತೂಕ ಹೆಚ್ಚು. ಗಂಟಿಲ್ಲದ, ನೇರ ಎಳೆಯ ಹಗುರ ಮರ ನೋಡಿ. ರೋಲಾಕ್ ಅಡ್ಡಹಲಗೆಯ ಹಿಂಬದಿ ಅಂಚಿನಿಂದ 30 ಸೆಂ.ಮೀ. ಹಿಂದೆ, ಹಲಗೆಗಿಂತ 18ರಿಂದ 20 ಸೆಂ.ಮೀ. ಎತ್ತರದಲ್ಲಿ ಇರಲಿ. ಎತ್ತರ ಕಡಿಮೆಯಾದರೆ ಹಿಡಿ ತೊಡೆಗೆ ಬಡಿಯುತ್ತದೆ, ಅಲೆಯಲ್ಲಿ ಹುಟ್ಟು ನೀರಿನಿಂದ ಮೇಲೇಳುವುದೇ ಇಲ್ಲ. ಪಾದ ಒತ್ತಲು ಅಡ್ಡಪಟ್ಟಿ ಮರೆಯಬೇಡಿ. ಅದಿಲ್ಲದಿದ್ದರೆ ಬರೀ ತೋಳಿನಿಂದ ಎಳೆದಂತೆ.

ಪ್ರಶ್ನೆ: ಎಂಟರ್‌ಪ್ರೈಸ್ ಎಂಬ ಮಾದರಿಯ ಹಳೆಯ ಹಾಯಿದೋಣಿ ಅಗ್ಗಕ್ಕೆ ಸಿಗುತ್ತಿದೆ. ರೋಲಾಕ್ ಹಾಕಿಸಿ ಹುಟ್ಟಿಗೂ ಬಳಸಬಹುದೇ? (ಬೆಂಗಳೂರಿನಿಂದ)

ಉತ್ತರ: ಗಾಳಿ ನಿಂತಾಗ ದಡ ಸೇರಲು ಸಾಕು, ಅಷ್ಟೇ. 4.04 ಮೀಟರ್ ಉದ್ದಕ್ಕೆ 1.6 ಮೀಟರ್ ಅಗಲ, ಸುಮಾರು 90 ಕೆ.ಜಿ. ತೂಕ, ತಂತಿ ಬಿಗಿದ ಎತ್ತರದ ಕಂಬ: ಇದು ಪಂದ್ಯದ ದೋಣಿ. ಹಾಯಿಯೇ ಮುಖ್ಯ ಎನ್ನುವುದಾದರೆ ಕೊಳ್ಳಿ. ಕೊಳ್ಳುವ ಮುನ್ನ ಕಂಬದ ಬುಡ, ಸೆಂಟರ್‌ಬೋರ್ಡ್ (ದೋಣಿ ಪಕ್ಕಕ್ಕೆ ಜಾರದಂತೆ ನಡುವಿನಿಂದ ನೀರಿಗಿಳಿಸುವ ಹಲಗೆ) ಪೆಟ್ಟಿಗೆಯ ಸಂದುಗಳನ್ನು ಸ್ಕ್ರೂಡ್ರೈವರಿನಿಂದ ಒತ್ತಿ. ಮೆತ್ತಗಿದ್ದರೆ ಪ್ಲೈವುಡ್ ಕೊಳೆತಿದೆ.

ಪ್ರಶ್ನೆ: ಇಲ್ಲಿ ಮಿರರ್ ಎಂಬ ಮಾದರಿಯ ಹಳೆಯ ಹಾಯಿದೋಣಿಗಳು ಸಿಗುತ್ತವೆ. ಹೇಗೆ? (ಇಂಗ್ಲೆಂಡಿನಿಂದ)

ಉತ್ತರ: ಒಳ್ಳೆಯ ರಾಜಿ. 1962ರಲ್ಲಿ ಮನೆಯಲ್ಲೇ ಜೋಡಿಸಿಕೊಳ್ಳಲೆಂದು ರೂಪಿಸಿದ್ದು, 70,000ಕ್ಕೂ ಹೆಚ್ಚು ತಯಾರಾಗಿವೆ. 3.3 ಮೀಟರ್, 45 ಕೆ.ಜಿ. ಆಸುಪಾಸು, ಹಳೆಯವುಗಳಲ್ಲಿ ಕಂಬ, ಗಳಗಳೆಲ್ಲ ದೋಣಿಯೊಳಗೇ ಹಿಡಿಸುತ್ತವೆ. ಚಪ್ಪಟೆ ಮೂತಿ ಅಲೆಗೆ ಬಡಿಯುವುದರಿಂದ ಕೆರೆಗಳಲ್ಲಿ, ಅಲೆಯಿಲ್ಲದ ಹೊಳೆಗಳಲ್ಲಿ ಹುಟ್ಟು ಹಾಕಿ.

ಪ್ರಶ್ನೆ: ಶರಾವತಿ ಹಿನ್ನೀರಿಗೆ ಇಳಿಸುವ ದೋಣಿ ಮಗುಚಿದರೆ ನೀರು ಚೆಲ್ಲಿ ಮತ್ತೆ ಹೊರಡಬಹುದೇ? (ಸಾಗರದಿಂದ)

ಉತ್ತರ: ತೇಲುವ ವ್ಯವಸ್ಥೆ ಮೊದಲೇ ಇದ್ದರೆ. ಅಡ್ಡಹಲಗೆಗಳ ಕೆಳಗೆ 20 ಲೀಟರಿನ ಮುಚ್ಚಿದ ಕ್ಯಾನ್ ಹತ್ತು ಇಟ್ಟರೆ 200 ಲೀಟರ್. ಮುಳುಗಿದ ಒಂದೊಂದು ಕ್ಯಾನೂ ಸುಮಾರು 20 ಕೆ.ಜಿ. ಬಲದಲ್ಲಿ ಮೇಲಕ್ಕೆ ತಳ್ಳುವುದರಿಂದ ಅಗಲ ಪಟ್ಟಿಯಿಂದ ಬಿಗಿಯಿರಿ. ತೆಳು ಹಗ್ಗ ಕಿತ್ತುಬರುತ್ತದೆ. ಅರ್ಧದಷ್ಟನ್ನು ಪಕ್ಕೆಗಳಿಗೆ ಒತ್ತಿ ಇಡಿ. ಹಲವರು ನೋಡದ ಇನ್ನೊಂದು ಅಂಶ ಸೆಂಟರ್‌ಬೋರ್ಡ್ ಪೆಟ್ಟಿಗೆಯ ಎತ್ತರ. ನೀರು ತುಂಬಿದ ದೋಣಿಯಲ್ಲಿ ಪೆಟ್ಟಿಗೆಯ ಬಾಯಿ ಹೊರಗಿನ ನೀರಿಗಿಂತ ಕೆಳಗಿದ್ದರೆ ಎಷ್ಟು ಚೆಲ್ಲಿದರೂ ಅದರೊಳಗಿಂದ ಮತ್ತೆ ಉಕ್ಕುತ್ತದೆ. ಆಗ ಬಟ್ಟೆ ತುರುಕಿ ಬಾಯಿ ಮುಚ್ಚಿ, ಬಕೆಟ್ಟಿನಿಂದ ಚೆಲ್ಲಿ. ದಡದ ಹತ್ತಿರ ಮೊದಲೇ ಒಮ್ಮೆ ಮಗುಚಿ ಪರೀಕ್ಷಿಸಿ. ನಿಮ್ಮ ನೀರಿನಲ್ಲಿ ಮುಳುಗಿದ ಮರದ ಬೊಡ್ಡೆಗಳಿವೆ. ನೇರ ಕೆಳಗಿಳಿಸುವ ಹಲಗೆ ಬೊಡ್ಡೆಗೆ ಬಡಿದರೆ ಪೆಟ್ಟಿಗೆಯೇ ಸೀಳುತ್ತದೆ; ಕೀಲಿನ ಮೇಲೆ ಹಿಂದಕ್ಕೆ ಮಡಚುವಂಥದೇ ಇರಲಿ, ಚುಕ್ಕಾಣಿಯೂ ಹಾಗೆಯೇ.