ವಿಕಿರಣಶೀಲ ವಸ್ತುಗಳ ನಡುವೆ ದುಡಿದವರಿಗೆ ವರ್ಷಗಳ ನಂತರವೂ ಅಪಾಯವಿದೆಯೇ?

ಇದೆ, ವಸ್ತು ದೇಹದೊಳಗೆ ಸೇರಿದ್ದರೆ ಕೆಲಸ ಬಿಟ್ಟ ಮೇಲೂ ಅಪಾಯ ಬೆನ್ನು ಬಿಡುವುದಿಲ್ಲ. 1917ರ ನಂತರದ ವರ್ಷಗಳಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಗಡಿಯಾರದ ಅಂಕಿಗಳಿಗೆ ಕತ್ತಲಲ್ಲಿ ಹೊಳೆಯುವ, ರೇಡಿಯಂ ಎಂಬ ವಿಕಿರಣಶೀಲ ಲೋಹ ಬೆರೆಸಿದ ಬಣ್ಣ ಹಚ್ಚುತ್ತಿದ್ದ ಯುವತಿಯರು, ಕುಂಚದ ತುದಿ ಚೂಪಾಗಲೆಂದು ಅದನ್ನು ತುಟಿಗಳ ನಡುವೆ ಒತ್ತಿ ಎಳೆಯುತ್ತಿದ್ದರು. ಹಾಗೆ ಮಾಡಲು ಅವರಿಗೆ ಕಲಿಸಲಾಗಿತ್ತು ಎಂಬುದೇ ಹೆಚ್ಚು ನೋವಿನ ಸಂಗತಿ. ಕ್ಯಾಲ್ಸಿಯಂನಂತೆ ವರ್ತಿಸುವ ರೇಡಿಯಂ ಮೂಳೆಗಳಲ್ಲಿ ನೆಲೆಯೂರುತ್ತದೆ. ಅದರ ಅರ್ಧಾಯುಷ್ಯ, ಅಂದರೆ ಅದರ ಪ್ರಮಾಣ ಅರ್ಧಕ್ಕೆ ಇಳಿಯಲು ಬೇಕಾದ ಕಾಲ, ಸುಮಾರು 1600 ವರ್ಷವಾದ್ದರಿಂದ, ಮನುಷ್ಯ ಬದುಕಿರುವಷ್ಟು ಕಾಲವೂ ಒಳಗಿನಿಂದಲೇ ಜೀವಕೋಶಗಳಿಗೆ ಹಾನಿ ಮಾಡುವ ಆಲ್ಫಾ ಕಣಗಳನ್ನು ಹೊಮ್ಮಿಸುತ್ತಿರುತ್ತದೆ. ಆ ಯುವತಿಯರಲ್ಲಿ ಹಲವರಿಗೆ ಹಲ್ಲು ಉದುರಿ ದವಡೆಯ ಮೂಳೆ ಕೊಳೆಯಿತು. ಕೆಲವರಲ್ಲಿ ಮೂಳೆಯ ಕ್ಯಾನ್ಸರ್ ದಶಕಗಳ ನಂತರ ಕಾಣಿಸಿಕೊಂಡಿತು. ಯುರೇನಿಯಂ ಗಣಿಗಳಲ್ಲಿ ರೇಡಾನ್ ಎಂಬ ವಿಕಿರಣಶೀಲ ಅನಿಲ ಉಸಿರಾಡಿದವರಿಗೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹೆಚ್ಚು, ಧೂಮಪಾನ ಸೇರಿದರೆ ಇನ್ನೂ ಹೆಚ್ಚು. ಆದ್ದರಿಂದ ಇಂಥ ಕೆಲಸ ಮಾಡಿದವರು ನಿವೃತ್ತಿಯ ನಂತರವೂ ತಮ್ಮ ಡೋಸ್ ದಾಖಲೆಯನ್ನು (ದೇಹಕ್ಕೆ ತಗುಲಿದ ವಿಕಿರಣದ ಲೆಕ್ಕ) ಜೋಪಾನವಾಗಿಟ್ಟು ವೈದ್ಯರಿಗೆ ತೋರಿಸಬೇಕು.