ಎಐ ಬಂದಿರುವಾಗ ದಾವಣಗೆರೆಯಲ್ಲಿ ಹೊಸದಾಗಿ ಫೋಟೋ ಸ್ಟುಡಿಯೋ ಹಾಕೋದು ಸರಿನಾ?

ನಿಮ್ಮ ತಮ್ಮ ಡಿಗ್ರಿ ಮುಗಿಸಿದ್ದಾನೆ. ಎಡಿಟಿಂಗ್ ಕೋರ್ಸ್ ಸೇರಿ, ದಾವಣಗೆರೆಯಲ್ಲೇ ಸ್ಟುಡಿಯೋ ಹಾಕುತ್ತೇನೆ ಅಂತಾನೆ. ಮನೆಯವರು ‘ಈಗ ಮೊಬೈಲೇ ಎಲ್ಲ ಮಾಡುತ್ತೆ, ಎಐ ಬಂದಿದೆ, ದುಡ್ಡು ದಂಡ’ ಅಂತಿದ್ದಾರೆ. ಏನು ಮಾಡೋದು ಅಂತ ಕೇಳಿದ್ದೀರಿ.

ಹಾಕಲಿ. ಆದರೆ ಕೋರ್ಸ್‌ಗೆ ದುಡ್ಡು ಕಟ್ಟುವ ಮುಂಚೆ ಇದನ್ನೊಮ್ಮೆ ಓದಲಿ. ನಾನು ಇದೇ ಊರಲ್ಲಿ ಮದುವೆ ಫೋಟೋ ತೆಗೆಯುವವನು, ಸಣ್ಣದೊಂದು ಸ್ಟುಡಿಯೋನೂ ಇದೆ. ಎಐ ಬಗ್ಗೆ ನನಗೆ ಸಿಟ್ಟೂ ಇಲ್ಲ, ಭಕ್ತಿಯೂ ಇಲ್ಲ. ದಿನಾ ಬಳಸುತ್ತೇನೆ.

ಮೊದಲು ಯಾವ ಕೆಲಸ ಹೋಯ್ತು ಅಂತ ಹೇಳಿಬಿಡುತ್ತೇನೆ. ಕಟಿಂಗ್, ಅಂದರೆ ಫೋಟೋದಲ್ಲಿರುವವರನ್ನು ಹಿಂದಿನ ದೃಶ್ಯದಿಂದ ಬಿಡಿಸಿಕೊಳ್ಳುವ ಕೆಲಸ, ಹೋಯ್ತು. ನಾವು ಕಲಿಯುವಾಗ ಮದುಮಗಳ ಕೂದಲಿನ ಅಂಚು, ಮಲ್ಲಿಗೆ ದಂಡೆ, ಬಾಸಿಂಗದ ದಾರ ಎಲ್ಲವನ್ನೂ ಪೆನ್ ಟೂಲ್‌ನಲ್ಲಿ ಒಂದೊಂದೇ ಚುಕ್ಕಿ ಇಟ್ಟು ಬಿಡಿಸಿಕೊಳ್ಳುತ್ತಿದ್ದೆವು. ಅದಕ್ಕೇ ಅಂತ ಒಬ್ಬ ಹುಡುಗ ಬೇಕಾಗುತ್ತಿತ್ತು. 2018ರಲ್ಲಿ ಫೋಟೋಶಾಪ್‌ಗೆ ಮುಖ್ಯ ವ್ಯಕ್ತಿಯನ್ನು ತಾನೇ ಗುರುತಿಸುವ ಸೆಲೆಕ್ಟ್ ಸಬ್ಜೆಕ್ಟ್ ಬಂತು, 2021ರಲ್ಲಿ ಇನ್ನೊಂದು ಎಡಿಟಿಂಗ್ ಸಾಫ್ಟ್‌ವೇರ್ ಲೈಟ್‌ರೂಮ್‌ಗೂ ಬಂತು. ಈಗ ಒಂದು ಕ್ಲಿಕ್ ಸಾಕು. ಬಾಸಿಂಗದ ದಾರದ ಹತ್ತಿರ ಇವತ್ತಿಗೂ ಸ್ವಲ್ಪ ಎಡವುತ್ತದೆ, ಅಷ್ಟೇ.

ಕತ್ತಲೆ ಛತ್ರದ ಭಯವೂ ಹೋಯ್ತು. ಬೆಳಗಿನ ಜಾವದ ಮುಹೂರ್ತ, ಮಂಟಪದಲ್ಲಿ ಹೊಗೆ, ಮೇಲೊಂದು ಹಳದಿ ಬಲ್ಬು, ಪಕ್ಕದಲ್ಲಿ ವಿಡಿಯೋದವರ ಬಿಳಿ ಲೈಟು. ಕ್ಯಾಮೆರಾ ಬೆಳಕು ಹಿಡಿಯುವ ಅಳತೆಯನ್ನು, ಅಂದರೆ ಐಎಸ್‌ಒ ಅನ್ನು, 6400ಕ್ಕೆ ಏರಿಸಿದರೆ ಫೋಟೋ ಮೇಲೆಲ್ಲ ರವೆ ಚೆಲ್ಲಿದ ಹಾಗೆ ಕಾಣುತ್ತಿತ್ತು. 2023ರ ಏಪ್ರಿಲ್‌ನಲ್ಲಿ ಲೈಟ್‌ರೂಮ್‌ಗೆ ಎಐ ಡಿನಾಯ್ಸ್ ಬಂತು. ರಾ ಫೈಲ್ (ಕ್ಯಾಮೆರಾ ಹಿಡಿದ ಮೂಲ ಫೈಲ್) ಇದ್ದರೆ ಆ ಚುಕ್ಕಿಗಳನ್ನೆಲ್ಲ ತೆಗೆದು, ಸೀರೆಯ ಜರಿಯನ್ನು ಹಾಗೇ ಉಳಿಸುತ್ತದೆ. ಹಳೇ ಕ್ಯಾಮೆರಾದಲ್ಲೇ ಇನ್ನೆರಡು ಸೀಸನ್ ಓಡಿಸಬಹುದು ಅಂತ ನನಗೆ ಧೈರ್ಯ ಬಂದಿದ್ದು ಇದರಿಂದಲೇ.

ಆರಿಸುವ ಕೆಲಸ ಮಾತ್ರ ಅರ್ಧ ಹೋಗಿದೆ, ಅರ್ಧ ಉಳಿದಿದೆ. ಒಂದು ಮದುವೆಗೆ ಸಾವಿರಗಟ್ಟಲೆ ಫೋಟೋ ಬರುತ್ತವೆ. ಮಸುಕಾದವು, ಒಂದೇ ಥರದವು, ಕಣ್ಣು ಮುಚ್ಚಿದವು ಎಲ್ಲವನ್ನೂ ಬೇರೆ ಮಾಡಿಕೊಡುವ ಸಾಫ್ಟ್‌ವೇರ್ ಈಗ ಇವೆ. ಒಳ್ಳೆಯದೇ. ಆದರೆ ನಮ್ಮ ಮದುವೆಯ ಮುಖ್ಯ ಗಳಿಗೆಗಳನ್ನು ಸ್ವಲ್ಪ ನೆನಪಿಸಿಕೊಳ್ಳಿ. ತಾಳಿ ಕಟ್ಟುವಾಗ ಹುಡುಗಿ ಕಣ್ಣು ಮುಚ್ಚಿರುತ್ತಾಳೆ. ತಲೆ ಮೇಲೆ ಜೀರಿಗೆ ಬೆಲ್ಲ ಇಡುವಾಗ ಇಬ್ಬರೂ ಮುಚ್ಚಿರುತ್ತಾರೆ. ಅಕ್ಕಿಕಾಳು ಬೀಳುವಾಗ ಸುತ್ತ ನಿಂತವರೆಲ್ಲ ಕಣ್ಣು ಕಿರಿದು ಮಾಡಿರುತ್ತಾರೆ. ಹೆಣ್ಣು ಒಪ್ಪಿಸುವಾಗ ತಾಯಿಯ ಕಣ್ಣಲ್ಲಿ ನೀರು, ರೆಪ್ಪೆ ತೆರೆದಿರುವುದೇ ಇಲ್ಲ. ಸಾಫ್ಟ್‌ವೇರ್ ಲೆಕ್ಕದಲ್ಲಿ ಇವೆಲ್ಲ ರಿಜೆಕ್ಟ್! ಅದಕ್ಕೇ ನಾನು ರಿಜೆಕ್ಟ್ ಆದ ಫೋಲ್ಡರನ್ನೇ ಮೊದಲು ತೆರೆಯುತ್ತೇನೆ. ಆಲ್ಬಂನ ನಡುವಿನ ಹಾಳೆಗೆ ಹೋಗುವ ಫೋಟೋ ಎಷ್ಟೋ ಸಲ ಅಲ್ಲೇ ಬಿದ್ದಿರುತ್ತದೆ.

ಈಗ ನಿಮ್ಮ ತಮ್ಮ ತಿಳಿದುಕೊಳ್ಳಬೇಕಾದ ಮಾತು. ಎಐ ಅಂತ ಒಂದೇ ಹೆಸರಲ್ಲಿ ಕರೆದರೂ ಇಲ್ಲಿ ಎರಡು ಬೇರೆ ಕೆಲಸ ನಡೆಯುತ್ತಿವೆ. ಒಂದು, ಫೋಟೋದಲ್ಲಿ ಇರುವುದನ್ನೇ ಗುರುತಿಸಿ ಬೇರೆ ಮಾಡುವುದು ಅಥವಾ ಸ್ವಚ್ಛ ಮಾಡುವುದು. ಇನ್ನೊಂದು, ಇಲ್ಲದ್ದನ್ನು ಊಹೆ ಮಾಡಿ ಬರೆಯುವುದು. ಕಟಿಂಗ್, ಆರಿಸುವುದು, ಕ್ಯಾಮೆರಾ ತಾನೇ ಕಣ್ಣು ಹುಡುಕಿ ಫೋಕಸ್ ಮಾಡುವುದು ಇವೆಲ್ಲ ಮೊದಲ ಸಾಲಿಗೆ ಬರುತ್ತವೆ. ಡಿನಾಯ್ಸ್ ಕೂಡ ಒಂಚೂರು ಊಹೆ ಮಾಡುತ್ತದೆ, ಆದರೆ ಮಿತಿಯಲ್ಲಿದ್ದರೆ ತೊಂದರೆ ಇಲ್ಲ. 2023ರಲ್ಲಿ ಫೋಟೋಶಾಪ್‌ಗೆ ಬಂದ ಜನರೇಟಿವ್ ಫಿಲ್ (ಗುರುತು ಮಾಡಿದ ಜಾಗಕ್ಕೆ ಹೊಸ ಚಿತ್ರ ಬರೆದು ತುಂಬುವುದು), ಹಳೇ ಫೋಟೋದ ಮುಖ ಸರಿಮಾಡುವ ಆ್ಯಪ್‌ಗಳು, ಚಿಕ್ಕ ಫೋಟೋ ದೊಡ್ಡದು ಮಾಡುವ ಸಾಫ್ಟ್‌ವೇರ್ ಇವೆಲ್ಲ ಎರಡನೆಯ ಸಾಲು. ಲಕ್ಷಾಂತರ ಬೇರೆ ಫೋಟೋ ನೋಡಿ ಕಲಿತದ್ದರಿಂದ, ‘ಇಲ್ಲಿ ಸಾಮಾನ್ಯವಾಗಿ ಏನಿರುತ್ತದೆ’ ಅಂತ ಅವು ತುಂಬುತ್ತವೆ.

ಮೊಬೈಲ್ ಕೂಡ ಇದನ್ನೇ ಮಾಡುತ್ತದೆ. 2023ರ ಮಾರ್ಚ್‌ನಲ್ಲಿ ರೆಡ್ಡಿಟ್ ಅನ್ನುವ ಜಾಲತಾಣದಲ್ಲಿ ಒಬ್ಬರು ಒಂದು ಪ್ರಯೋಗ ಹಾಕಿದ್ದರು. ಚಂದ್ರನ ಚಿತ್ರವನ್ನು ಬೇಕಂತಲೇ ಮಸುಕು ಮಾಡಿ, ಕಂಪ್ಯೂಟರ್ ಪರದೆ ಮೇಲೆ ಇಟ್ಟು, ಕೋಣೆ ಕತ್ತಲು ಮಾಡಿ, ಸ್ಯಾಮ್‌ಸಂಗ್ ಫೋನ್‌ನಲ್ಲಿ ದೂರದಿಂದ ತೆಗೆದರು. ಪರದೆ ಮೇಲೆ ಇಲ್ಲದ ಕುಳಿಗಳು ಫೋಟೋದಲ್ಲಿ ಬಂದವು. ಚಂದ್ರನನ್ನು ಗುರುತಿಸಿದರೆ ಎಐ ವಿವರ ಹೆಚ್ಚಿಸುತ್ತದೆ ಅಂತ ಕಂಪನಿಯೂ ವಿವರಣೆ ಕೊಟ್ಟಿತು. ಚಂದ್ರನಿಗಾದರೆ ನಡೆಯುತ್ತದೆ ಬಿಡಿ, ಅವನ ಮುಖ ಎಲ್ಲರಿಗೂ ಒಂದೇ. ಮನುಷ್ಯರ ಮುಖಕ್ಕೆ ಹಂಗೆ ಮಾಡೋಕಾಗುತ್ತಾ?

ನಮ್ಮ ಸ್ಟುಡಿಯೋಗಳಿಗೆ ಮದುವೆ ಸೀಸನ್ ಇಲ್ಲದಾಗ ಅನ್ನ ಹಾಕುವುದು ಫ್ರೇಮ್ ಕೆಲಸ. ಯಾರೋ ತೀರಿಕೊಂಡಿರುತ್ತಾರೆ, ನಾಳಿದ್ದು ಶಿವಗಣಾರಾಧನೆ. ಮಗ ಬರುತ್ತಾನೆ. ಕೈಯಲ್ಲಿ ಅಪ್ಪನ ಆಧಾರ್ ಕಾರ್ಡ್, ಇಲ್ಲದಿದ್ದರೆ ಯಾರದೋ ಮದುವೆಯ ಗ್ರೂಪ್ ಫೋಟೋದಲ್ಲಿ ಹಿಂದಿನ ಸಾಲಲ್ಲಿ ನಿಂತ ಹೆಬ್ಬೆರಳು ಗಾತ್ರದ ಮುಖ. ಅದನ್ನು ಗೋಡೆಗೆ ಹಾಕುವಷ್ಟು ದೊಡ್ಡದು ಮಾಡಿಕೊಡಬೇಕು.

ಅಂಥ ಫೋಟೋವನ್ನು ಎಐಗೆ ಕೊಟ್ಟು ನೋಡಿ. ಅರೆಗಳಿಗೆಯಲ್ಲಿ ಫಳಫಳ ಅನ್ನುವ ಮುಖ ಬರುತ್ತದೆ. ಕಣ್ಣಲ್ಲಿ ಹೊಳಪು, ರೆಪ್ಪೆಗೂದಲು ಒಂದೊಂದೇ ಎಣಿಸಬಹುದು. ಹತ್ತಿರದಿಂದ ನೋಡಿದರೆ ಹಣೆ ಮೇಲಿನ ಮೂರೆಳೆ ವಿಭೂತಿ ಮಾಯ. ಅದು ಸುಕ್ಕು ಅಂದುಕೊಂಡಿದೆ. ಎಡಗೆನ್ನೆಯ ನರೂಲಿ ಮಾಯ. ಸಿಡುಬಿನ ಕಲೆ ಮಾಯ. ಎಲೆ ಅಡಿಕೆ ತಿಂದು ಕೆಂಪಾದ ಹಲ್ಲು ಬೆಳ್ಳಗಾಗಿದೆ. ಮೂಗಿನ ತುದಿ ಒಂಚೂರು ಚೂಪಾಗಿದೆ. ಒಂದೊಂದಾಗಿ ನೋಡಿದರೆ ಸಣ್ಣ ವಿಷಯ. ಎಲ್ಲ ಸೇರಿದಾಗ ಮಗ ಪರದೆ ನೋಡಿ ಸುಮ್ಮನೆ ನಿಲ್ಲುತ್ತಾನೆ. ಆಮೇಲೆ, ‘ಚೆನ್ನಾಗಿ ಬಂದೈತಣ್ಣ, ಆದ್ರೆ ಯಾಕೋ ನಮ್ಮಪ್ಪನ ಹಂಗೆ ಕಾಣ್ತಿಲ್ಲ’ ಅಂತಾನೆ.

ಈ ಕೆಲಸಕ್ಕೆ ನಾನು ಎಐ ಬಿಟ್ಟಿಲ್ಲ. ಮಾಡುವ ರೀತಿ ಬೇರೆ. ಅಂಗಿ, ರುಮಾಲು, ಹಿಂದಿನ ಗೋಡೆ ಇಷ್ಟನ್ನು ಪೂರ್ತಿ ಎಐಗೇ ಬಿಡುತ್ತೇನೆ. ಮುಖಕ್ಕೆ ಬಂದಾಗ ಅದು ಮಾಡಿದ್ದನ್ನು ಬೇರೆ ಲೇಯರ್‌ನಲ್ಲಿ (ಮೂಲ ಫೋಟೋ ಮೇಲಿನ ಪದರ) ಇಟ್ಟು, ಒಪ್ಯಾಸಿಟಿಯನ್ನು, ಅಂದರೆ ಅದು ಕಾಣುವ ಗಾಢತೆಯನ್ನು, ಅರ್ಧಕ್ಕೂ ಕೆಳಗೆ ಇಳಿಸುತ್ತೇನೆ. ಕಣ್ಣು, ಬಾಯಿಯ ಮೂಲೆ, ಹಣೆ ಈ ಮೂರು ಕಡೆ ಮಾಸ್ಕ್ ಹಾಕಿ, ಅಂದರೆ ಅಷ್ಟು ಜಾಗದಲ್ಲಿ ಎಐ ಪದರವನ್ನು ಮರೆಮಾಡಿ, ಹಳೇ ಫೋಟೋವನ್ನೇ ವಾಪಸ್ ತರುತ್ತೇನೆ. ಸ್ವಲ್ಪ ಮಸುಕಾದರೂ ಪರವಾಗಿಲ್ಲ. ಮಸುಕಾದ ಮುಖವನ್ನು ಮನೆಯವರು ಒಪ್ಪುತ್ತಾರೆ, ಬೇರೆಯವರ ಮುಖವನ್ನು ಒಪ್ಪುವುದಿಲ್ಲ. ಬೇರೆ ಯಾವುದಾದರೂ ಫೋಟೋ ಇದ್ದರೆ ವಾಟ್ಸಾಪ್ ಮಾಡಿ ಅಂತ ಮೊದಲೇ ಕೇಳುತ್ತೇನೆ, ಮುಖ ಹೋಲಿಸಿ ನೋಡಲು. ಪ್ರಿಂಟಿಗೆ ಹಾಕುವ ಮುಂಚೆ ಮಗನಿಗಲ್ಲ, ಅವರ ತಾಯಿಗೆ ತೋರಿಸಿ ಅನ್ನುತ್ತೇನೆ. ಅವರು ಹೂಂ ಅಂದರೆ ಮಾತ್ರ ಲ್ಯಾಬ್‌ಗೆ. ಇದನ್ನು ಯಾವ ಕೋರ್ಸೂ ಕಲಿಸಲ್ಲ, ಆದರೆ ಗಿರಾಕಿ ಮತ್ತೆ ನಿಮ್ಮ ಬಾಗಿಲಿಗೇ ಬರುವುದು ಇದಕ್ಕೆ.

ತೀರಿಕೊಂಡ ತಂದೆಯನ್ನು ಮಗಳ ಮದುವೆ ಫೋಟೋದಲ್ಲಿ ಪಕ್ಕಕ್ಕೆ ನಿಲ್ಲಿಸಿಕೊಡಿ ಅಂತ ಕೇಳುವವರು ಈಗ ಜಾಸ್ತಿ. ಮಾಡಿಕೊಡುತ್ತೇನೆ. ಆಲ್ಬಂ ಒಳಗೆ ಸೇರಿಸುವುದಿಲ್ಲ, ಬೇರೆ ಫ್ರೇಮ್‌ನಲ್ಲಿ ಕೊಡುತ್ತೇನೆ, ಹಿಂದೆ ‘ಸೇರಿಸಿದ ಚಿತ್ರ’ ಅಂತ ಬರೆಯುತ್ತೇನೆ. ಅಷ್ಟೂ ಯಾಕೆ ಅಂತ ನಗುವವರಿದ್ದಾರೆ. ಮುಂದೆ ಮೊಮ್ಮಕ್ಕಳು ಆಲ್ಬಂ ತೆಗೆದಾಗ ತಾತ ಮದುವೆಗೆ ಇದ್ದರೋ ಇಲ್ಲವೋ ಅಂತ ಗೊತ್ತಾಗಬೇಕಲ್ವಾ? ಸತ್ತವರು ಬಂದು ಅಪ್ಪಿಕೊಳ್ಳುವ ವಿಡಿಯೋ ಮಾತ್ರ ನಾನು ಮಾಡಲ್ಲ. ಅದು ನನ್ನ ಇಷ್ಟ, ನಿಮ್ಮ ತಮ್ಮನ ಲೆಕ್ಕ ಬೇರೆ ಇರಬಹುದು.

ಬಣ್ಣದ ವಿಷಯದಲ್ಲೂ ಕಣ್ಣಿಟ್ಟಿರಬೇಕು. ಅರಿಶಿಣ ಶಾಸ್ತ್ರದ ಫೋಟೋಗಳನ್ನು ಆಟೋ ಕಲರ್‌ಗೆ ಬಿಟ್ಟರೆ, ‘ಹಳದಿ ಜಾಸ್ತಿ ಆಗಿದೆ, ಲೈಟಿನ ದೋಷ’ ಅಂದುಕೊಂಡು ಅರಿಶಿಣವನ್ನೇ ತೆಗೆದುಬಿಡುತ್ತದೆ. ಹುಡುಗಿ ಕೆಸರು ಮೆತ್ತಿಕೊಂಡು ಕೂತ ಹಾಗೆ ಕಾಣುತ್ತಾಳೆ. ಸ್ಕಿನ್ ಟಚಪ್ ಸಾಫ್ಟ್‌ವೇರ್‌ಗೆ ಬಿಟ್ಟರೆ ಅಜ್ಜಿಯ ಗಲ್ಲದ ಹಚ್ಚೆ, ಕೈ ಮೇಲಿನ ಹಚ್ಚೆ ಎಲ್ಲ ಕಲೆ ಅಂತ ಒರೆಸಿಹೋಗುತ್ತದೆ. ಇನ್ನು ಕಪ್ಪಗಿರುವವರನ್ನು ಬೆಳ್ಳಗೆ ಮಾಡುವುದು ಎಐ ಬರುವ ಮುಂಚಿನಿಂದ ಇದ್ದ ನಮ್ಮದೇ ಚಟ, ಅದಕ್ಕೆ ಯಂತ್ರವನ್ನು ಬೈದು ಪ್ರಯೋಜನ ಇಲ್ಲ. ನೆಗೆಟಿವ್ ಮೇಲೆ ಪೆನ್ಸಿಲ್‌ನಲ್ಲಿ ಟಚಿಂಗ್ ಮಾಡುತ್ತಿದ್ದವರೂ ಮಾಡಿದ್ದು ಅದನ್ನೇ.

ಪ್ರೀ ವೆಡ್ಡಿಂಗ್ ಫೋಟೋಗೆ ಇಲ್ಲಿಯವರು ಊರಿನ ಗಾಜಿನ ಮನೆ ಬಿಟ್ಟರೆ ಹೋಗುವುದು ಚಿತ್ರದುರ್ಗಕ್ಕೆ. ಕೋಟೆಯಲ್ಲಿ ಜನ ಇಲ್ಲದ ಫ್ರೇಮ್ ಸಿಗುವುದು ಕಷ್ಟ, ದೂರದ ಗುಡ್ಡದ ಮೇಲೆ ಗಾಳಿಯಂತ್ರಗಳು ಬೇರೆ. ಆಕಾಶದಲ್ಲಿರುವ ಗಾಳಿಯಂತ್ರವನ್ನು ಎಐ ಲೀಲಾಜಾಲವಾಗಿ ತೆಗೆಯುತ್ತದೆ. ಗೋಡೆ ಮುಂದೆ ನಿಂತ ಪ್ರವಾಸಿಯನ್ನು ತೆಗೆಸಿದರೆ ಮಾತ್ರ ನೋಡಬೇಕು. ದುರ್ಗದ ಗೋಡೆ ಅಂದರೆ ಗಾರೆ ಇಲ್ಲದೆ ಕಲ್ಲಿಗೆ ಕಲ್ಲು ಕೂರಿಸಿದ್ದು. ಎಐ ಅಲ್ಲಿ ಸಿಮೆಂಟ್ ಹಾಕಿ ಕಟ್ಟಿದ ಕಾಂಪೌಂಡ್ ಬರೆದುಕೊಡುತ್ತದೆ! ಅಂಥ ಕಡೆ 2010ರಿಂದ ಇರುವ ಹಳೇ ಕಂಟೆಂಟ್ ಅವೇರ್ ಫಿಲ್ಲೇ ವಾಸಿ. ಅದು ಪಕ್ಕದ ಕಲ್ಲನ್ನೇ ನಕಲು ಮಾಡುತ್ತದೆ, ಹಾಗಾಗಿ ಕಲ್ಲು ದುರ್ಗದ್ದೇ ಆಗಿರುತ್ತದೆ.

ಕೆಲಸ ಕಳೆದುಕೊಂಡವರ ಬಗ್ಗೆ ಮುಚ್ಚಿಡುವುದು ಬೇಡ. ಬರೀ ಆಲ್ಬಂ ಡಿಸೈನ್ ಮಾಡಿಕೊಂಡಿದ್ದವರಿಗೆ ಹೊಡೆತ ಬಿದ್ದಿದೆ. ಬೇರೆ ಸ್ಟುಡಿಯೋಗಳ ಕಲರ್ ಕರೆಕ್ಷನ್ ತಂದು ರಾತ್ರಿಯೆಲ್ಲ ಕೂರುತ್ತಿದ್ದ ಹುಡುಗರಿಗೂ ಬಿದ್ದಿದೆ. ಪಾಸ್‌ಪೋರ್ಟ್ ಸೈಜ್ ಫೋಟೋನೂ ಕಡಿಮೆ, ಮೊಬೈಲ್‌ನಲ್ಲೇ ಹಿಂದಿನದನ್ನು ಬಿಳಿ ಮಾಡಿಕೊಂಡು ಪ್ರಿಂಟ್‌ಗೆ ಮಾತ್ರ ಬರುತ್ತಾರೆ. ನಿಜವಾದ ಪಾಸ್‌ಪೋರ್ಟ್‌ಗೆ ಮಾತ್ರ ಸಾಫ್ಟ್‌ವೇರ್‌ನಲ್ಲಿ ತಿದ್ದಿದ ಮುಖ ನಡೆಯುವುದಿಲ್ಲ, ಅದನ್ನು ಗಿರಾಕಿಗೆ ಹೇಳಿಬಿಡಬೇಕು. ಫ್ಲೆಕ್ಸ್ ಮಾಡುವವರು ಇನ್ನೂ ಗಟ್ಟಿ. ವಾಟ್ಸಾಪ್ ಡಿಪಿಯನ್ನು ಹತ್ತಡಿ ಮಾಡುವ ಕಷ್ಟ ಅವರಿಗೆ ತಪ್ಪಿದೆ, ಆದರೆ ಎಐ ಕೈಲಿ ಕನ್ನಡ ಬರೆಸಿದರೆ ಎಷ್ಟೋ ಸಲ ಒತ್ತಕ್ಷರ ಎಲ್ಲೆಲ್ಲೋ ಹೋಗಿ ಕೂರುತ್ತದೆ. ‘ಹಾರ್ದಿಕ ಶುಭಾಶಯಗಳು’ ಸರಿಯಾಗಿ ಬರಬೇಕಂದರೆ ಮನುಷ್ಯರೇ ಟೈಪ್ ಮಾಡುವುದು ವಾಸಿ.

ಹಾಗಾದರೆ ತಮ್ಮ ಏನು ಮಾಡಬೇಕು? ಈ ಸೀಸನ್ ಪೂರ್ತಿ ಯಾರಾದರೂ ಮದುವೆ ಫೋಟೋಗ್ರಾಫರ್ ಜೊತೆ ಲೈಟ್ ಹಿಡಿಯಲಿ. ಯಾವ ಶಾಸ್ತ್ರ ಆದಮೇಲೆ ಯಾವುದು, ಆಗ ಎಲ್ಲಿ ನಿಲ್ಲಬೇಕು, ಯಾರ ಮನೆಯಲ್ಲಿ ಸೋದರಮಾವನನ್ನು ಬಿಟ್ಟರೆ ಜಗಳ ಆಗುತ್ತದೆ, ಇದೆಲ್ಲ ಅಲ್ಲೇ ಬರುವುದು. ತಾಳಿ ಕಟ್ಟುವ ಗಳಿಗೆ ತಪ್ಪಿದರೆ ಎಐ ಬರೆದುಕೊಡುತ್ತದೆ ಅಂತ ಯಾವ ಬೀಗರಿಗೂ ಹೇಳೋಕಾಗಲ್ಲ. ಎಡಿಟಿಂಗ್‌ನಲ್ಲಿ ಲೇಯರ್, ಮಾಸ್ಕ್, ಬಣ್ಣ ಈ ಮೂರನ್ನು ಗಟ್ಟಿಯಾಗಿ ಕಲಿಯಲಿ, ಯೂಟ್ಯೂಬ್ ಸಾಕು. ಎಐ ಹೆಚ್ಚುಕಮ್ಮಿ ಮಾಡಿದ್ದನ್ನು ವಾಪಸ್ ತರೋಕೆ ಬೇಕಾಗುವುದು ಅವೇ.

ದುಡ್ಡು ಹಾಕುವುದಾದರೆ ಹೊಸ ಕ್ಯಾಮೆರಾಗಿಂತ ಮೊದಲು ಒಳ್ಳೆ ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರ್‌ಗೆ ಹಾಕಲಿ. ಡಿನಾಯ್ಸ್ ನಮ್ಮ ಮಷಿನ್‌ನಲ್ಲೇ ಓಡುತ್ತದೆ, ಕಾರ್ಡ್ ಇಲ್ಲದಿದ್ದರೆ ಒಂದೊಂದು ಫೋಟೋಗೂ ಕಾಯುತ್ತಾ ಕೂರಬೇಕು. ಕ್ಯಾಮೆರಾ ಬಾಡಿಗೆಗೆ ಸಿಗುತ್ತದೆ. ಜನರೇಟಿವ್ ಫಿಲ್ ಡಿನಾಯ್ಸ್ ಥರ ಅಲ್ಲ, ಫೋಟೋ ಕಂಪನಿಯ ಸರ್ವರ್‌ಗೆ ಹೋಗಿ ಬರುತ್ತದೆ. ಬಿಟ್ಟಿ ಆ್ಯಪ್‌ಗಳಲ್ಲಿ ಅದು ಎಲ್ಲಿಗೆ ಹೋಗುತ್ತೆ ಅನ್ನೋದೇ ಕಾಣಲ್ಲ. ಬೇರೆಯವರ ಮನೆ ಹೆಣ್ಣುಮಕ್ಕಳ, ಮಕ್ಕಳ ಫೋಟೋ ಅವು. ಆರ್ಡರ್ ಬುಕ್‌ನಲ್ಲೇ ‘ಎಐ ಬಳಸುತ್ತೇವೆ, ಬೇಡವಾದರೆ ತಿಳಿಸಿ’ ಅಂತ ಒಂದು ಸಾಲು ಅಚ್ಚು ಹಾಕಿಸಲಿ. ಸೆಲ್ಫಿ ಕೊಟ್ಟರೆ ನಿಮ್ಮ ಫೋಟೋ ಮಾತ್ರ ಹುಡುಕಿಕೊಡುವ ಕ್ಯೂಆರ್ ಕೋಡ್ ಸೇವೆಗಳನ್ನೂ ಮನೆಯವರನ್ನು ಕೇಳಿಯೇ ಇಡಲಿ.

ಅಂಗಡಿ ಬಾಡಿಗೆ ವಿಷಯ ನೀವು ಬರೆದಿಲ್ಲ. ಮೇನ್ ರೋಡೇ ಬೇಕು ಅಂತಿದ್ದರೆ ಬೇಡ ಅನ್ನಿ. ಮದುವೆ ಆರ್ಡರ್ ಬರುವುದು ಬೋರ್ಡ್ ನೋಡಿ ಅಲ್ಲ, ಪರಿಚಯದವರ ಆಲ್ಬಂ ನೋಡಿ. ಅವನ ಹತ್ತಿರ ಈಗ ಯಾವ ಕ್ಯಾಮೆರಾ ಇದೆ, ಎಷ್ಟು ದುಡ್ಡು ಹಾಕಬಹುದು ಅಂತ ಕೆಳಗೆ ಬರೀರಿ. ಯಾವ ಲೆನ್ಸ್ ಮೊದಲು ತಗೋಬೇಕು ಅಂತ ಹೇಳ್ತೀನಿ.