ಜಲಮಂಡಳಿಯನ್ನೂ ಐದಾಗಿ ಒಡೆಯಬೇಕೆ?

ಮಾನ್ಯರೇ,

ವರ್ತೂರಿನ ಸಮೀಪದ ಬಡಾವಣೆಯಿಂದ ತಾವು ಬರೆದ ಪತ್ರದಲ್ಲಿ ಒಂದು ಅಳಲಿದೆ, ಒಂದು ಸಲಹೆಯಿದೆ. ಮಲ್ಲೇಶ್ವರದವರು ನೂರು ವರ್ಷಗಳಿಗೂ ಹೆಚ್ಚು ಕಾಲದಿಂದ ನಲ್ಲಿ ನೀರು ಕುಡಿಯುತ್ತಿರುವಾಗ ತಮ್ಮ ಬೀದಿಯವರು ಮೊನ್ನೆಮೊನ್ನೆಯವರೆಗೂ ಟ್ಯಾಂಕರಿನ ದಾರಿ ಕಾಯಬೇಕಾಯಿತೆಂಬುದು ಅಳಲು. ಬೆಂಗಳೂರಿನ ಮಹಾನಗರ ಪಾಲಿಕೆಯೇ 2025ರಲ್ಲಿ ಐದಾಗಿರುವಾಗ ಜಲಮಂಡಳಿಯನ್ನೂ ಐದು ಮಾಡಿ ಆಯಾ ಪಾಲಿಕೆಗೆ ಒಪ್ಪಿಸಿದರೆ ಈ ತಾರತಮ್ಯ ನೀಗುತ್ತದೆಂಬುದು ಸಲಹೆ. ಅಳಲು ನ್ಯಾಯವಾದದ್ದು. ಸಲಹೆಯನ್ನು ಮಾತ್ರ ನಾವು ಒಪ್ಪಲಾರೆವು. ಮಂಡಳಿ ಹುಟ್ಟಿದ್ದೇ ಇಂಥ ಹಂಚಿಕೆಯ ತೊಡಕನ್ನು ಬಿಡಿಸಲೆಂದು.

ದಿಣ್ಣೆಯ ಮೇಲೆ ಬೆಳೆದ ಈ ಊರಿಗೆ ಪಕ್ಕದಲ್ಲೇ ಹರಿಯುವ ದೊಡ್ಡ ನದಿಯಿಲ್ಲ. ಬಿದ್ದ ಮಳೆ ವೃಷಭಾವತಿ, ಕೋರಮಂಗಲ-ಚಲ್ಲಘಟ್ಟ ಮತ್ತು ಹೆಬ್ಬಾಳದ ಕಣಿವೆಗಳಿಗೆ ಇಳಿದುಹೋಗುತ್ತದೆ. ಹಾಗಾಗಿ ಧರ್ಮಾಂಬುಧಿ, ಸಂಪಂಗಿ, ಹಲಸೂರಿನಂಥ ಕೆರೆಗಳೂ ಬಾವಿಗಳೂ ಜನರಿಗೆ ನೀರುಣಿಸಿದವು. ಆ ಧರ್ಮಾಂಬುಧಿಯ ಅಂಗಳದಲ್ಲಿ ಇಂದು ಮೆಜೆಸ್ಟಿಕ್ಕಿನ ಬಸ್ಸುಗಳು ನಿಲ್ಲುತ್ತವೆ. 1882ರಲ್ಲಿ ಸ್ಯಾಂಕಿ ಕೆರೆ ಕಟ್ಟಿದ್ದೂ ಸಾಲದೆ ಬಂದಾಗ ದಿವಾನ್ ಶೇಷಾದ್ರಿ ಅಯ್ಯರ್ ಅವರ ಆಡಳಿತವು ವಾಯವ್ಯ ದಿಕ್ಕಿನಲ್ಲಿ ಸುಮಾರು 20 ಕಿ.ಮೀ. ದೂರದ ಹೆಸರಘಟ್ಟದಲ್ಲಿ ಅರ್ಕಾವತಿಯ ನೀರಿನತ್ತ ನೋಡಿತು. 1894ರಲ್ಲಿ ಕೈಗೊಂಡು 1896ರಲ್ಲಿ ಪೂರೈಸಿದ ಚಾಮರಾಜೇಂದ್ರ ಜಲಕಾರ್ಯ ಯೋಜನೆಯಲ್ಲಿ ಸೋಲದೇವನಹಳ್ಳಿಯ ಉಗಿ ಯಂತ್ರಗಳು ನೀರನ್ನು ಮೇಲೆತ್ತಿ ನಗರದತ್ತ ತಳ್ಳಿದವು. ಶುದ್ಧೀಕರಣಕ್ಕೆಂದು ಜುವೆಲ್ ಫಿಲ್ಟರ್ಸ್ ಘಟಕ ಬಂದದ್ದು ಮಲ್ಲೇಶ್ವರಕ್ಕೆ. ತಾವು ಅಸೂಯೆಪಡುವ ನಲ್ಲಿಯ ಮೂಲ ಅಲ್ಲಿದೆ: ನೀರು ಬರುವ ದಾರಿಯಲ್ಲಿ ಯಾರಿದ್ದರೋ ಅವರಿಗೆ ಮೊದಲು ಸಿಕ್ಕಿತು.

ಮಳೆ ಕೈಕೊಟ್ಟ ವರ್ಷಗಳಲ್ಲಿ ಹೆಸರಘಟ್ಟ ಬತ್ತಿದಾಗ ಅರ್ಕಾವತಿಯ ಕೆಳದಂಡೆಗೆ ಹೋಗಬೇಕಾಯಿತು. ಕುಮುದ್ವತಿಯು ಅರ್ಕಾವತಿಯನ್ನು ಸೇರುವ ತಿಪ್ಪಗೊಂಡನಹಳ್ಳಿಯಲ್ಲಿ 1933ರಲ್ಲಿ ಚಾಮರಾಜಸಾಗರ ಸಿದ್ಧವಾಯಿತು. ಮೇಲಿನ ಜಲಾನಯನದಲ್ಲಿ ಕೊಳವೆ ಬಾವಿ, ಕಾರ್ಖಾನೆ, ಬಡಾವಣೆಗಳು ಹೆಚ್ಚಿದಂತೆ ಆ ಜಲಾಶಯವೂ ಸೊರಗಿತು. ಕಾವೇರಿ ಬಂದಿದ್ದರಿಂದಲೇ ಅರ್ಕಾವತಿಯನ್ನು ಕೈಬಿಡಲು ನಗರಕ್ಕೆ ಧೈರ್ಯ ಬಂತೆಂಬುದು ನಮ್ಮ ಅನಿಸಿಕೆ. ಈ ವಿಷಯದಲ್ಲಿ ಸರ್ಕಾರ, ಮಂಡಳಿ, ನಾಗರಿಕರು ಯಾರೂ ಮುಗ್ಧರಲ್ಲ.

ಈಗ ಮಂಡಳಿಯ ಪ್ರಶ್ನೆ. 1949ರವರೆಗೆ ನಗರಕ್ಕೊಂದು, ದಂಡು ಪ್ರದೇಶಕ್ಕೊಂದು (ಕಂಟೋನ್ಮೆಂಟ್) ಪುರಸಭೆಯಿತ್ತು. ಎರಡೂ ಸೇರಿ ಕಾರ್ಪೊರೇಷನ್ ಆದ ಮೇಲೂ ನೀರಿನ ಹೊಣೆ ಒಂದೆಡೆ ಕೂಡಲಿಲ್ಲ. ದೂರದಿಂದ ನೀರು ತಂದು ಶುದ್ಧೀಕರಿಸುವುದು ಲೋಕೋಪಯೋಗಿ ಇಲಾಖೆಯ ಕೆಲಸವಾದರೆ, ಬೀದಿಬೀದಿಗೆ ಹಂಚುವುದು ಕಾರ್ಪೊರೇಷನ್ನಿನ ಕೆಲಸ. ನಲ್ಲಿ ಒಣಗಿದಾಗ ದೂರು ಯಾರಿಗೆ ಹೇಳಬೇಕೆಂಬ ಗೊಂದಲ ಅಂದಿನವರಿಗೂ ಇದ್ದಿರಲೇಬೇಕು. ಕಾವೇರಿಯನ್ನು ನಗರಕ್ಕೆ ತರುವ ಆಲೋಚನೆ ಗಟ್ಟಿಯಾಗುತ್ತಿದ್ದ ಆ ಕಾಲದಲ್ಲಿ, ನದಿಯ ಮೂಲದಿಂದ ಮನೆಯ ನಲ್ಲಿಯವರೆಗೆ, ಅಲ್ಲಿಂದ ಒಳಚರಂಡಿಯವರೆಗೆ ಒಬ್ಬರೇ ಹೊಣೆಗಾರರಿರಬೇಕೆಂದು 1964ರಲ್ಲಿ ಪ್ರತ್ಯೇಕ ಕಾಯ್ದೆ ಮಾಡಿ ಬೆಂಗಳೂರು ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯನ್ನು ಸ್ಥಾಪಿಸಲಾಯಿತು.

ಕಾವೇರಿಯ ಮೊದಲ ಹಂತ 1974ರಲ್ಲಿ, ಎರಡನೆಯದು 1982ರಲ್ಲಿ ಮುಗಿದವು. ಪ್ರತಿಯೊಂದರಿಂದ ದಿನಕ್ಕೆ 13.5 ಕೋಟಿ ಲೀಟರ್. 1993ರಲ್ಲಿ ಮೂರನೆಯದು, 2002 ಮತ್ತು 2012ರಲ್ಲಿ ಎರಡು ಭಾಗಗಳಾಗಿ ನಾಲ್ಕನೆಯದು ಬಂದವು. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧವಾದ ನೀರು ಹಾರೋಹಳ್ಳಿ, ತಾತಗುಣಿಗಳ ಪಂಪ್‌ಹೌಸ್ ದಾಟಿ, ಸುಮಾರು 100 ಕಿ.ಮೀ. ದೂರ ಕ್ರಮಿಸಿ, ಹತ್ತಿರಹತ್ತಿರ 500 ಮೀಟರ್ ಎತ್ತರ ಏರಿ ನಮ್ಮ ಮನೆಯ ನೀರಿನ ತೊಟ್ಟಿಗೆ ಬೀಳುತ್ತದೆ. ಮಂಡಳಿಯ ಖರ್ಚಿನಲ್ಲಿ ವಿದ್ಯುತ್ ಬಿಲ್ಲಿನದೇ ದೊಡ್ಡ ಪಾಲು. ಇಂಥದೊಂದು ಕೊಳವೆ ಸಾಲನ್ನು ಐದು ಪಾಲಿಕೆಗಳು ಹೇಗೆ ಹಂಚಿಕೊಂಡಾವು? ಬೇಸಿಗೆಯಲ್ಲಿ ನೀರು ಕಡಿಮೆಯಾದಾಗ ಯಾವ ಪಾಲಿಕೆಯ ವಾಲ್ವ್ ಮೊದಲು ತಿರುಗಬೇಕೆಂಬ ಜಗಳ ನ್ಯಾಯಾಲಯದ ಮೆಟ್ಟಿಲೇರುವುದು ಖಂಡಿತ. ಆಗ ಕೊಳವೆಯ ಕೊನೆಯಲ್ಲಿರುವ ತಮ್ಮಂಥ ಬಡಾವಣೆಗಳಿಗೇ ಹೆಚ್ಚು ಪೆಟ್ಟು.

ತಮ್ಮ ಕಡೆಗೆ ನೀರು ತಡವಾದದ್ದಕ್ಕೆ ಕಾರಣ ಬೇರೆ. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚಿಸುವಾಗ ಏಳು ನಗರಸಭೆ, ಒಂದು ಪುರಸಭೆಗಳ ಜತೆಗೆ 110 ಹಳ್ಳಿಗಳನ್ನು ಸೇರಿಸಿಕೊಂಡರು. ಆಗ ಗಡಿಯ ಗೆರೆ ಬದಲಾಯಿತೇ ಹೊರತು ನೀರಿನ ಕೊಳವೆ ಅದರ ಹಿಂದೆಯೇ ಹೋಗಲಿಲ್ಲ. ಐಟಿ ಕಂಪನಿಗಳು, ಅಪಾರ್ಟ್‌ಮೆಂಟುಗಳು ಬೋರ್‌ವೆಲ್ಲನ್ನೇ ನಂಬಿ ಮೇಲೆದ್ದವು. 2024ರ ಬೇಸಿಗೆಯಲ್ಲಿ ಆ ನಂಬಿಕೆಯ ಬೆಲೆ ತೆತ್ತದ್ದನ್ನು ತಾವು ನಮಗಿಂತ ಚೆನ್ನಾಗಿ ಬಲ್ಲಿರಿ. ಕಾವೇರಿ ನೀರಿನ ಹಂಚಿಕೆಯಲ್ಲಿ ನಗರದ ಪಾಲೂ 2018ರವರೆಗೆ ಕಿರಿದಾಗಿತ್ತು. ನಗರದ ಮೂರನೇ ಒಂದು ಭಾಗ ಮಾತ್ರ ಕಾವೇರಿ ಜಲಾನಯನದಲ್ಲಿದೆ ಎಂದು ಕಾವೇರಿ ಜಲವಿವಾದ ನ್ಯಾಯಮಂಡಳಿ ಎಣಿಸಿತ್ತು. ಸುಪ್ರೀಂ ಕೋರ್ಟ್ 2018ರ ಫೆಬ್ರುವರಿಯಲ್ಲಿ ಕರ್ನಾಟಕಕ್ಕೆ ಹೆಚ್ಚುವರಿಯಾಗಿ ಕೊಟ್ಟ 14.75 ಟಿಎಂಸಿ ಅಡಿಯಲ್ಲಿ 4.75 ಟಿಎಂಸಿ ಅಡಿಯನ್ನು ಬೆಂಗಳೂರಿನ ಕುಡಿಯುವ ನೀರಿಗೆಂದೇ ಇಟ್ಟಿತು. ದಿನಕ್ಕೆ 77.5 ಕೋಟಿ ಲೀಟರ್ ನೀರೊದಗಿಸುವ, ಮುಖ್ಯವಾಗಿ ಆ 110 ಹಳ್ಳಿಗಳಿಗೆಂದೇ ರೂಪಿಸಿದ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಹದಿನೇಳು ವರ್ಷ ಆಸ್ತಿ ತೆರಿಗೆ ಕಟ್ಟಿದ ಮೇಲೆ ಬಂದ ಈ ನೀರನ್ನು ಯಾರೂ ಉಪಕಾರವೆಂದು ಹೇಳಿಕೊಳ್ಳಬಾರದು.

ತಮ್ಮ ಸಲಹೆಯಲ್ಲಿ ಒಂದಂಶವನ್ನು ನಾವು ಪೂರ್ಣವಾಗಿ ಒಪ್ಪುತ್ತೇವೆ. ಮಂಡಳಿಯ ಅಧ್ಯಕ್ಷರನ್ನು ನೇಮಿಸುವುದು ರಾಜ್ಯ ಸರ್ಕಾರ. ಹೀಗಾಗಿ ಬೀದಿಯ ನೀರಿನ ವಿಷಯದಲ್ಲಿ ವಾರ್ಡಿನ ಸದಸ್ಯರು ಮನವಿ ಕೊಡಬಲ್ಲರು, ಆಜ್ಞೆ ಮಾಡಲಾರರು. ನದಿಯಿಂದ ನಗರದ ದೊಡ್ಡ ಜಲಸಂಗ್ರಹಾಗಾರಗಳವರೆಗಿನ ವ್ಯವಸ್ಥೆ ಒಂದೇ ಕೈಯಲ್ಲಿರಲಿ. ಯಾವ ಬಡಾವಣೆಗೆ ಯಾವ ದಿನ ಎಷ್ಟು ನೀರು ಬಿಟ್ಟರೆಂಬ ಲೆಕ್ಕವನ್ನು ಮಾತ್ರ ಮಂಡಳಿಯು ಆಯಾ ಪಾಲಿಕೆಯ ಸಭೆಯ ಮುಂದಿಡುವಂತೆ ಕಾಯ್ದೆಗೆ ತಿದ್ದುಪಡಿ ತರಬಹುದು. ಮಳೆನೀರು ಸಂಗ್ರಹವನ್ನು ಕಡ್ಡಾಯಗೊಳಿಸಲು 2009ರಲ್ಲಿ ಅದೇ ಕಾಯ್ದೆಯನ್ನು ತಿದ್ದಿದ್ದುಂಟು.

ಕೊನೆಯದಾಗಿ, ತಮ್ಮ ಬಡಾವಣೆಯಲ್ಲಿ ಕಾವೇರಿ ಸಂಪರ್ಕಕ್ಕೆ ಅರ್ಜಿ ಸಲ್ಲಿಸುವುದರ ಬಗ್ಗೆ ಇನ್ನೂ ಚರ್ಚೆ ನಡೆದಿದೆಯೆಂದು ಬರೆದಿದ್ದೀರಿ. ಸಲ್ಲಿಸುವಾಗ ಒಳಚರಂಡಿ ಸಂಪರ್ಕವನ್ನೂ ಜತೆಯಲ್ಲೇ ಕೇಳಿ. ಮನೆಗೆ ಬಂದ ನೀರಿನ ಬಹುಪಾಲು ಕೊಳಚೆಯಾಗಿ ಹೊರಬೀಳುತ್ತದೆ. ಅದಕ್ಕೆ ಕೊಳವೆಯಿಲ್ಲದಿದ್ದರೆ ರಾಜಕಾಲುವೆ ಹಿಡಿದು ಅದು ಸೇರುವುದು ತಮ್ಮ ವರ್ತೂರು ಕೆರೆಯನ್ನೇ.

— ಸಂಪಾದಕ